ತೊಳೆಯದ ಸ್ಕೂಟರಿನ ಗೆಲುವು

ಮಾನ್ಯ ಇಂಧನ ಅಧಿಕಾರಿಗಳೇ,

ನೀವು ಪೆಟ್ರೋಲಿಗೆ ಆಲ್ಕೋಹಾಲ್ ಬೆರೆಸಿದಿರಿ. ನನ್ನ ಮೊಮ್ಮಗಳು ನನ್ನ ವಾರಗಿತ್ತಿಯ ಪಾಲಾದಳು. ನನ್ನ ದೂರು ಇಷ್ಟೇ.

ನನ್ನ ಸ್ಕೂಟರ್ ಹಳೆಯದು. ಆದರೆ ಅಷ್ಟು ಚೊಕ್ಕವಾದ ಗಾಡಿ ನಮ್ಮ ಬೀದಿಯಲ್ಲಿ ಇನ್ನೊಂದಿಲ್ಲ. ಪ್ರತಿ ಶನಿವಾರ ಪೈಪು ಹಿಡಿದು ಸಂದುಗೊಂದು ಬಿಡದೆ ತೊಳೆದು, ಮೊಮ್ಮಗಳನ್ನು ಹಿಂದೆ ಕೂರಿಸಿಕೊಂಡು ಈಜು ಕಲಿಯಲು ಕರೆದೊಯ್ಯುವುದು ನನ್ನ ಪದ್ಧತಿ. ವಾರಗಿತ್ತಿಯ ಹೊಸ ಸ್ಕೂಟರ್ ಕೊಂಡಂದಿನಿಂದ ನೀರು ಕಂಡಿಲ್ಲ; ಅದರ ಧೂಳಿನ ಮೇಲೆ ಮಕ್ಕಳು ಅಕ್ಷರ ತಿದ್ದಬಹುದು. ಹಾಗಿದ್ದೂ ಒಂದು ಶನಿವಾರ ಸಿಗ್ನಲ್ಲಿನ ನಟ್ಟನಡುವೆ ಕೆಮ್ಮಿ ನಿಂತದ್ದು ನನ್ನ ಗಾಡಿ. ಆ ಹೊತ್ತಿಗೇ ಅವಳು ಬರಬೇಕೆ?

"ಏನಕ್ಕ, ಗಾಡಿಗೆ ಸ್ನಾನ ಜಾಸ್ತಿ ಆಯ್ತಾ?"

"ನೀನು ಮುಂದೆ ಹೋಗೇ ತಾಯಿ," ಎಂದೆ. ಹೋದಳು, ಮೊಮ್ಮಗಳನ್ನೂ ಹತ್ತಿಸಿಕೊಂಡು. "ಲೇಟಾಗತ್ತೆ ಅಜ್ಜಿ!" ಎಂದ ಹುಡುಗಿ ತಿರುಗಿಯೂ ನೋಡಲಿಲ್ಲ.

ಮೆಕ್ಯಾನಿಕ್ ಟ್ಯಾಂಕಿನ ಮುಚ್ಚಳ ತೆಗೆದು ತೋರಿಸಿದ. "ರಬ್ಬರ್ ಬಿರುಕು ಬಿಟ್ಟಿದೆ ಅಮ್ಮ. ತೊಳೆದ ನೀರೆಲ್ಲ ಒಳಗೆ ಇಳಿದಿದೆ. ಆಲ್ಕೋಹಾಲು ಆ ನೀರಿನ ಜೊತೆ ಸೇರ್ಕೊಂಡು ತಳದಲ್ಲಿ ಕೂತುಬಿಡುತ್ತೆ. ಇಂಜಿನ್ ಎಳೆಯೋದು ತಳದ್ದನ್ನೇ."

ಅಂದರೆ ವಾರಗಿತ್ತಿ ಆಡಿದ ಕುಹಕವೇ ನಿಜ! ಮಾನ್ಯರೇ, ಇದನ್ನು ನಾನು ಹೇಗೆ ಅರಗಿಸಿಕೊಳ್ಳಲಿ? ಕೆಮ್ಮಿನ ಔಷಧಿಯ ಬಾಟಲಿಯ ಮೇಲೂ ಹೇಗೆ ಬಳಸಬೇಕೆಂದು ಬರೆದಿರುತ್ತದೆ. ನಿಮ್ಮ ಬಂಕಿನಲ್ಲಿ ಹಸಿರು ಎಲೆಯ ಚಿತ್ರವಿದೆ, ಕೈಮುಗಿದು ನಗುವ ಹೆಂಗಸಿದ್ದಾಳೆ. ಟ್ಯಾಂಕಿಗೆ ನೀರು ತಾಕಿಸಬೇಡಿ ಎಂಬ ಒಂದು ಸಾಲಿಗೆ ಮಾತ್ರ ಜಾಗವಿರಲಿಲ್ಲವೇ? ಶುಚಿಯಾಗಿರುವವರಿಗೆ ಶಿಕ್ಷೆ, ಸೋಮಾರಿಗಳಿಗೆ ಸವಾರಿ: ಇದೇ ನಿಮ್ಮ ಇಲಾಖೆಯ ಧೋರಣೆಯೇ?

ಟ್ಯಾಂಕ್ ಬರಿದು ಮಾಡಿಸಿದೆ. ಮುಚ್ಚಳದ ರಬ್ಬರು, ಪೆಟ್ರೋಲ್ ಪೈಪು ಎರಡನ್ನೂ ಆಲ್ಕೋಹಾಲಿಗೆ ತಾಳುವಂಥವಕ್ಕೆ ಬದಲಾಯಿಸಿದೆ. ಗಾಡಿ ಈಗ ಸರಾಗವಾಗಿ ಓಡುತ್ತಿದೆ. ಆದರೂ ಶನಿವಾರ ಬಂದರೆ ಮೊಮ್ಮಗಳು ಟವೆಲ್ ಹೆಗಲಿಗೇರಿಸಿ ವಾರಗಿತ್ತಿಯ ಗೇಟಿನತ್ತ ನಡೆಯುತ್ತಾಳೆ. ಕರೆದರೆ, "ನಿನ್ನ ಗಾಡಿ ಮತ್ತೆ ನಿಂತ್ರೆ?" ಎನ್ನುತ್ತಾಳೆ.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ಪೆಟ್ರೋಲಿನಲ್ಲಿ ಆಲ್ಕೋಹಾಲ್ ಎಷ್ಟಿದೆ, ಹಳೆಯ ಗಾಡಿಗಳಲ್ಲಿ ಏನೇನು ಬದಲಾಯಿಸಬೇಕು, ನೀರಿನಿಂದ ಹೇಗೆ ಕಾಪಾಡಬೇಕು ಎಂಬುದನ್ನು ಪ್ರತಿ ಬಂಕಿನಲ್ಲೂ ಬೋರ್ಡು ಬರೆಸಿ ಹಾಕಿ. ಮಗು ಓದುವಷ್ಟು ದೊಡ್ಡ ಅಕ್ಷರವಿರಲಿ. ಮೊಮ್ಮಗಳನ್ನು ಬಂಕಿನವರೆಗೆ ನಡೆಸಿಕೊಂಡೇ ಹೋಗಿ ಓದಿಸುತ್ತೇನೆ. ಆಮೇಲಿನ ಶನಿವಾರ ಯಾರ ಹಿಂದೆ ಕೂರುತ್ತಾಳೋ ನೋಡೋಣ.

ಇಂತಿ,
ಹಿಂದಿನ ಸೀಟನ್ನು ಒರೆಸಿಟ್ಟುಕೊಂಡು ಕಾಯುತ್ತಿರುವ
ಹಿರಿಯ ಸೊಸೆ