ಇಪ್ಪತ್ತು ವರ್ಷ ದಾಟಿದವರು

ಆಫೀಸು, ಮೂರನೇ ಮಹಡಿ
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಗುಂಡಮ್ಮನಿಗೆ ಅಪ್ಪನ ಮುದ್ದು.

ಹೇಗಿದ್ದೀಯ ಮಗಳೇ? ಕೆಮ್ಮು ಹೋಯಿತೇ? ಹಾಸ್ಟೆಲಿನ ತಣ್ಣೀರಲ್ಲಿ ತಲೆಗೆ ಹಾಕಿಕೊಳ್ಳಬೇಡ ಎಂದರೆ ನೀನು ಕೇಳುವವಳಲ್ಲ, ಥೇಟ್ ನಿಮ್ಮಮ್ಮ. ನಾವಿಬ್ಬರೂ ಚೆನ್ನಾಗಿದ್ದೇವೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅಮ್ಮ ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಾಳೆ. ಅದಕ್ಕೇ ಈ ಕಾಗದ. ಪುರುಸೊತ್ತಿಗಂತೂ ಇಲ್ಲಿ ಬರವಿಲ್ಲ. ಮೂವತ್ತು ಕುರ್ಚಿಗಳ ಹಾಲಿನಲ್ಲಿ ಆರು ಜನ ಉಳಿದಿದ್ದೇವೆ. ಕಾಫಿ ಯಂತ್ರದ ರಿಪೇರಿಯವನು ಮೊನ್ನೆ ಬಂದು ಯಂತ್ರವನ್ನು ನೋಡಿ, ನಮ್ಮನ್ನೂ ಒಮ್ಮೆ ನೋಡಿ, ತನ್ನ ಸಾಮಾನಿನ ಚೀಲ ಕಟ್ಟಿಕೊಂಡು ಹೋದ.

ನೀನು ತಿದ್ದಿಕೊಟ್ಟ ಬಯೋಡೇಟಾವನ್ನು ಹನ್ನೊಂದು ಕಡೆ ಕಳಿಸಿದೆ. ಹತ್ತು ಕಡೆಯಿಂದ ಸುದ್ದಿಯೇ ಇಲ್ಲ. ಹನ್ನೊಂದನೆಯವರು ಹೆಸರು ಹಾಕದೆ ಜಾಹೀರಾತು ಕೊಟ್ಟಿದ್ದರು, ಕೆಲಸ ಮಾತ್ರ ನನಗೆಂದೇ ಹೇಳಿ ಮಾಡಿಸಿದ ಹಾಗಿತ್ತು. ಅಮ್ಮ ಆಗಲೇ ಸಂದರ್ಶನದ ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದಾಳೆ. ಅವರು ಯಾರೆಂದು ನಿನ್ನೆ ಗೊತ್ತಾಯಿತು: ನಮಗೆ ಉಳಿದಿರುವ ಒಂದೇ ಒಂದು ದೊಡ್ಡ ಗಿರಾಕಿ. ಅವರಿಗೆ ಬರುವ ಅರ್ಜಿಗಳನ್ನು ಸೋಸುವುದು ನಮ್ಮ ಸಾಫ್ಟ್‌ವೇರ್. ಒಳ್ಳೆಯವರೇ ಸಿಗುತ್ತಿಲ್ಲ, ಹೀಗಾದರೆ ನಿಮ್ಮನ್ನೇ ಬಿಡುತ್ತೇವೆ ಎಂದು ದೂರು ಕಳಿಸಿದ್ದರು. ಪಟ್ಟಿ ತೆರೆದೆ. ತಳದಲ್ಲಿ, ಯಾರೂ ಕಣ್ಣು ಹಾಯಿಸದ ಕಡೆ, ನಾನಿದ್ದೆ.

ಕಾರಣ ಹುಡುಕಬೇಕಾಗಲಿಲ್ಲ. ಇಪ್ಪತ್ತು ವರ್ಷದ ಅನುಭವ ದಾಟಿದವರನ್ನು ತಳಕ್ಕೆ ತಳ್ಳುವ ಒಂದು ಸಾಲು ಆ ಸಾಫ್ಟ್‌ವೇರಿನಲ್ಲಿದೆ, ಅದನ್ನು ಬರೆದವನು ನಾನೇ. ನೀನಾಗ ಒಂದನೇ ಕ್ಲಾಸು. ಇದೇ ಗಿರಾಕಿ ಕೇಳಿದರು, ಅರ್ಧ ಗಂಟೆಯಲ್ಲಿ ಬರೆದು, 'ಮುದುಕರ ಮೂಲೆ' ಎಂದು ಹೆಸರಿಟ್ಟು, ಪಕ್ಕದವನ ಜೊತೆ ನಕ್ಕಿದ್ದೆ. ಹೆಸರು ಇನ್ನೂ ಹಾಗೇ ಇದೆ. ನನಗೆಷ್ಟು ನಾಚಿಕೆಯಾಯಿತು ಎಂದು ನಿನಗಲ್ಲದೆ ಯಾರಿಗೆ ಹೇಳಲಿ?

ನನಗಿಂತ ಹದಿನೈದು ವರ್ಷ ಚಿಕ್ಕವನಾದ ನಮ್ಮ ಮ್ಯಾನೇಜರಿಗೆ ಆ ಸಾಲಿನ ವಿಷಯ ಹೇಳಿದೆ, ನನ್ನ ಅರ್ಜಿಯ ಬಗ್ಗೆ ಬಾಯಿಬಿಡಲಿಲ್ಲ. ಅದು ಗಿರಾಕಿಯೇ ಕೇಳಿ ಹಾಕಿಸಿಕೊಂಡಿದ್ದು, ಮುಟ್ಟಬೇಡಿ ಎಂದ. ಆಮೇಲೆ ಪ್ರೀತಿಯಿಂದಲೇ, "ನೀವಿರೋದಕ್ಕೆ ಇದು ನಡೀತಿದೆ ಸರ್. ನಿಮ್ಮನ್ನಂತೂ ನಾನು ಬಿಡಲ್ಲ," ಎಂದು ಹೆಗಲು ತಟ್ಟಿದ. ಇಲ್ಲಿ ಬಿಡುವವರಿಲ್ಲ, ಅಲ್ಲಿ ಕರೆಯುವವರಿಲ್ಲ. ಮೆಟ್ಟಿಲಿಳಿದು ಗೇಟಿನವರೆಗೂ ಹೋದೆ. ಬ್ಯಾಗು ಮೇಲೇ ಇತ್ತು, ವಾಪಸು ಬಂದೆ.

ಆ ಸಾಲು ಅಳಿಸಿದರೆ ನಾನು ಮೇಲೆ ಬರುತ್ತೇನೆ. ಅಳಿಸಿದವನ ಹೆಸರೂ ದಾಖಲಾಗುತ್ತದೆ. ತನಗೋಸ್ಕರ ಮಾಡಿಕೊಂಡ ಎಂದು ಯಾರಾದರೂ ಅಂದರೆ ಅದು ಸುಳ್ಳೂ ಅಲ್ಲ.

ಊಟ ಬಿಡಬೇಡ. ಪರೀಕ್ಷೆಗೆ ನನ್ನ ಆಶೀರ್ವಾದ ಈಗಲೇ ಇದೆ, ಓದುವುದೊಂದು ನಿನಗೆ ಬಿಟ್ಟಿದ್ದು.

ಇಂತಿ ನಿನ್ನ
ಅಪ್ಪ

ತಾ.ಕ.: ನಾಲ್ಕು ದಿನವಾದರೂ ಕಾಗದ ಅಂಚೆಗೆ ಹಾಕಿರಲಿಲ್ಲ. ಅವತ್ತು ಸಂಜೆಯೇ ನನ್ನ ಅರ್ಜಿ ವಾಪಸು ತೆಗೆದುಕೊಂಡು, ಆಮೇಲೆ ಆ ಸಾಲು ಅಳಿಸಿದೆ. ಇವತ್ತು ಆ ಗಿರಾಕಿಯವರು ಫೋನ್ ಮಾಡಿದ್ದರು. ಇಷ್ಟು ಒಳ್ಳೆಯ ಪಟ್ಟಿ ಯಾವತ್ತೂ ಬಂದಿರಲಿಲ್ಲವಂತೆ, ಇನ್ನೂ ಮೂರು ವರ್ಷಕ್ಕೆ ಸಹಿ ಹಾಕುತ್ತಾರಂತೆ. ಒಂದೇ ಷರತ್ತು, ಅಷ್ಟು ದಿನವೂ ಅವರ ಕೆಲಸ ನೋಡಿಕೊಳ್ಳಲು ಇಲ್ಲಿ ನಾನೇ ಇರಬೇಕು. ಇಲ್ಲ ಎನ್ನಲು ಬಾಯಿ ತೆರೆದೆ. ಉಳಿದ ಐವರೂ ಎದ್ದು ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಹೂಂ ಅಂದುಬಿಟ್ಟೆ ಮಗಳೇ.