ಕತ್ತರಿಸಿದ ಕೊನೆಯ ಸಾಲು

ಜನವರಿ ೨೯, ಗುರುವಾರ. ಸೊಲ್ಲಾಪುರ.

ಅರ್ಧ ಇಂಚು ಕಾಗದ. ಊಟಕ್ಕೆ ಕೂತಾಗಲೂ ಅದೇ ತಲೆಯಲ್ಲಿ.

ಬೆಳಿಗ್ಗೆ ಹನ್ನೂರಿನ ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕ ಚುನಾವಣೆಯ ಕರಪತ್ರ ಓದುತ್ತಿದ್ದ. ಅಭ್ಯರ್ಥಿ ಪಾರ್ವತಿಬಾಯಿ ಶಾಲೆಯ ಊಟದ ಅಕ್ಕಿ ಮಾರಿಕೊಂಡರು ಎಂಬ ಆರೋಪ. "ಯಾರ ಬರದಾರೋ, ಕನ್ನಡ ಭಾಳ ಚಲೋ ಅದರಿ" ಅಂದ. ಮರಾಠಿಯಿಂದ ಅದನ್ನು ಕನ್ನಡಕ್ಕೆ ತಂದವನು ನಾನು. ಆರೋಪ ನಿಜವೋ ಸುಳ್ಳೋ ಕೇಳಿರಲಿಲ್ಲ. ಪ್ರೂಫಿನ ಕೆಳಗೆ, ಕಾನೂನಿನಂತೆ, ಪ್ರಕಾಶಕರ, ಮುದ್ರಕರ ಹೆಸರಿನ ಸಾಲು ಇತ್ತಲ್ಲ, ಹೇಳಿದವರೇ ಉತ್ತರ ಕೊಡುತ್ತಾರೆ ಎಂದುಕೊಂಡಿದ್ದೆ. ಹಂಚಿದ ಪ್ರತಿಯಲ್ಲಿ ಆ ಸಾಲೇ ಇಲ್ಲ.

ಅಲ್ಲಿಂದ ನೇರ ಪ್ರೆಸ್ಸಿಗೆ ಹೋದೆ. ಮಾಲೀಕ ಯೋಗಿರಾಜ ನಕ್ಕ.

"ಚುನಾವಣಾ ಕಚೇರಿಗೆ ಕೊಟ್ಟ ಪ್ರತಿಯೊಳಗ ಹೆಸರ ಅದ ಅಲ್ರಿ, ಕಾಕಾ. ಉಳದದ್ದಕ್ಕ ಕಟಿಂಗ್ ಮಶೀನ ಸ್ವಲ್ಪ ಮ್ಯಾಲ ಬಿತ್ತು."

"ಎಲ್ಲಾದಕ್ಕೂ ಒಂದ ಅಳತಿಗಿ ಬಿತ್ತೇನು?"

"ನಿಮ್ಮ ಹೆಸರಂತೂ ಎಲ್ಲೂ ಇಲ್ಲ. ನಿಮಗ್ಯಾಕ್ರಿ ತ್ರಾಸ?"

ಅನುವಾದಕರ ಹೆಸರು ಹಾಕದ ಕಾದಂಬರಿಯನ್ನು ನಾನು ಕೊಳ್ಳುವುದಿಲ್ಲ. ಪ್ರಕಾಶಕರಿಗೆ ಬೈದು ಪತ್ರ ಬರೆಯುತ್ತೇನೆ. ಅದೇ ನಾನು ಇಂದು ಆ ಮುದುಕನ ಪಕ್ಕದಲ್ಲಿ ಕೂತು, ಸದ್ಯ, ನನ್ನ ಹೆಸರಿಲ್ಲ ಎಂದುಕೊಂಡೆ. ಯೋಗಿರಾಜನ ಮೇಲಿನ ಸಿಟ್ಟು ಇಳಿದೀತು. ಇದು ಇಳಿಯುತ್ತಿಲ್ಲ.

ಕತ್ತರಿಸದ ಪ್ರೂಫ್ ಒಂದು ನನ್ನ ಹತ್ತಿರವೇ ಇದೆ. ಅದರ ಕೊನೆಯ ಸಾಲಿನ ಕೆಳಗೆ, ಕನ್ನಡಕ್ಕೆ ತಂದವರು ಎಂದು ನನ್ನ ಹೆಸರು ಬರೆದೆ. ನಾಳೆ ಮೊದಲ ಎಸ್ಟಿ ಬಸ್ಸಿನಲ್ಲಿ ಹನ್ನೂರಿಗೆ ಹೋಗಿ ಪಾರ್ವತಿಬಾಯಿಯವರ ಕೈಗೇ ಕೊಡಬೇಕು. ಬೈದರೆ ಕೇಳಿಸಿಕೊಳ್ಳಬಹುದು. ಏನೂ ತಿಳಿಯದೆ "ಬರ್ರಿ, ಕೂಡ್ರಿ, ಚಹಾ ಕುಡೀರಿ" ಅಂದುಬಿಟ್ಟರೆ