ಮೈನರ್ ಅಂದರೆ

ಭಾನುವಾರ, ಮಧ್ಯಾಹ್ನ

ನನ್ನ ಚಿನಕುರುಳಿಗೆ,

ಅಮ್ಮನ ಮುತ್ತು. ನಿನ್ನ ಗಿಟಾರ್ ಇನ್ನೂ ಯಾಕೆ ಕಳಿಸಿಲ್ಲ ಎಂದು ನಿಮ್ಮಪ್ಪನ ಕೈಲಿ ಫೋನ್ ಮಾಡಿಸಿದೆಯಲ್ಲ, ಅದಕ್ಕೆ ಈ ಕಾಗದ. ನೀನೇ ಮಾಡಿದ್ದರೆ ನಾನೇನು ನುಂಗಿಬಿಡುತ್ತಿದ್ದೆನೇನೇ? ಹೋಗಲಿ ಬಿಡು. ಅಷ್ಟು ಉದ್ದದ ಪೆಟ್ಟಿಗೆ ಸಿಗಲಿಲ್ಲ ಎಂದು ಅವರಿಗೆ ಹೇಳಿದೆ. ಸುಳ್ಳು. ಪೆಟ್ಟಿಗೆ ಸಿಕ್ಕಿ ಎಷ್ಟೋ ದಿನವಾಯಿತು, ಬಾಗಿಲ ಹಿಂದೆ ನಿಂತಿದೆ. ನಿಜ ಏನೆಂದರೆ ನಾನು ಗಿಟಾರ್ ಕಲಿಯುತ್ತಿದ್ದೇನೆ.

ನಕ್ಕೆ ತಾನೆ? ನಗು, ನಗು. ನಮ್ಮ ಹೊಲಿಗೆ ಅಂಗಡಿಯ ಮಾಲೀಕರೂ ನಕ್ಕರು. ಪ್ಯಾಂಟಿನ ಉದ್ದ ಮೊಟಕು ಮಾಡೋರಿಗೆ ಈ ವಯಸ್ಸಲ್ಲಿ ಇದೇನಮ್ಮಾ ಹುಚ್ಚು ಅಂದರು. ಸಾಯಂಕಾಲ ಕೈ ಸುಮ್ಮನಿರಲ್ಲ ಸಾರ್ ಅಂದೆ. ಮನೆ ಬಿಕೋ ಅನ್ನುತ್ತದೆ ಎಂದು ಅವರ ಹತ್ತಿರ ಹೇಳಲಿಲ್ಲ. ಟಿವಿ ಹಾಕಿದರೂ ಬಿಕೋ ಅನ್ನುತ್ತದೆ ಕಣೇ. ನೀನು ತಲೆ ಬಾಚಿಕೊಳ್ಳುತ್ತಾ ಹಾಡಿನ ಕಚೇರಿ ನಡೆಸುತ್ತಿದ್ದೆಯಲ್ಲ, ಆ ಕನ್ನಡಿಯ ಮುಂದೆ ಈಗ ನಾನು ಕೂತು ತಂತಿ ಮೀಟುತ್ತೇನೆ.

ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ಗಿಟಾರ್ ಮೇಷ್ಟ್ರಿದ್ದಾರೆ. ಊದಿದರೆ ಹಾರಿಹೋಗುವಷ್ಟು ತೆಳ್ಳಗೆ. ಕಡ್ಡಿ ಮೇಷ್ಟ್ರು ಎಂದು ಹೆಸರಿಟ್ಟಿದ್ದೇನೆ, ಎದುರಿಗಲ್ಲ. ಮೊದಲ ಪಾಠಕ್ಕೇ ಬೆರಳ ತುದಿಯೆಲ್ಲ ಕೆಂಪಗಾಗಿ ಉರಿಯತೊಡಗಿತು. ಹೊಲಿಯುವಾಗ ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕುವ ತಗಡಿನ ಟೋಪಿ ಇದೆಯಲ್ಲ, ಎರಡನೆಯ ಪಾಠಕ್ಕೆ ಅದನ್ನೇ ಹಾಕಿಕೊಂಡು ಹೋದೆ. ತಂತಿ ಕಿರ್ರೋ ಎಂದು ಕಿರುಚಿತು. ಮೇಷ್ಟ್ರು ಕಿವಿ ಮುಚ್ಚಿಕೊಂಡು, ಅಮ್ಮಾ, ಇದು ಗಿಟಾರು, ಗೋಣಿಚೀಲ ಅಲ್ಲ ಅಂದರು. ಗಿಟಾರೇ ಸರಿಯಿಲ್ಲ ಎಂದು ವಾದ ಮಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಕಥೆ.

ಇನ್ನೊಂದು ದಿನ, ಈ ಹಾಡಿನ ಕೀ ಯಾವುದು ಎಂದು ಕೇಳಿದರು. ಕೀ ಅಂದ ತಕ್ಷಣ ನನ್ನ ಕೈ ಬ್ಯಾಗಿನೊಳಗೆ ಹೋಯಿತು. ಬೀಗದ ಕೈ ಎತ್ತಿ ತೋರಿಸಿದೆ. ಪಕ್ಕದ ಹುಡುಗಿಯರೆಲ್ಲ ಗೊಳ್ಳೆಂದರು. ಕೀ ಅಂದರೆ ಹಾಡಿನ ಮನೆಯಂತೆ. ಹಾಡು ಎಲ್ಲೆಲ್ಲಿ ಸುತ್ತಿದರೂ ಯಾವ ಸ್ವರಕ್ಕೆ ಬಂದು ಕೂತಾಗ, ಉಸ್ಸಪ್ಪಾ, ಬಂದೆ ಅನ್ನಿಸುತ್ತದೋ ಅದು. ಅದು ನನಗೆ ಚೆನ್ನಾಗಿ ಅರ್ಥವಾಯಿತು.

ಅಷ್ಟರಲ್ಲಿ ಅವರು ಬೋರ್ಡಿನ ಮೇಲೆ ಮೈನರ್ ಎಂದು ಬರೆದರು. ಆ ಪದವನ್ನು ನಾನು ಕೊನೆಯ ಸಲ ಕೇಳಿದ್ದು ಕೋರ್ಟಿನಲ್ಲಿ. ಮೈನರ್ ಮಗಳು ತಂದೆಯ ಬಳಿ ಇರತಕ್ಕದ್ದು ಎಂದು ಓದಿದರಲ್ಲ, ಅಲ್ಲಿ. ಅದಕ್ಕೂ ಮುಂಚೆ ಜಡ್ಜ್ ಮೆತ್ತಗೆ, ಯಾರ ಜೊತೆ ಇರ್ತೀಯಮ್ಮಾ ಅಂದಾಗ ನೀನು ನೆಲ ನೋಡಿಕೊಂಡು ಅಪ್ಪ ಅಂದೆ. ಮೇಷ್ಟ್ರಿಗೆ ಇದೆಲ್ಲ ಹೇಗೆ ಹೇಳಲಿ? ಇಸ್ತ್ರಿಪೆಟ್ಟಿಗೆ ಆರಿಸಿದೆನೋ ಇಲ್ಲವೋ ಎಂದು ನೆಪ ಹೇಳಿ ಪಾಠದ ಮಧ್ಯೆಯೇ ಇಳಿದು ಬಂದುಬಿಟ್ಟೆ.

ಮುಂದಿನ ಸಲ ಹೋಗಿ, ಮೈನರ್ ಅಂದರೆ ಚಿಕ್ಕದಾ, ಕಮ್ಮಿಯಾ ಎಂದು ಕೇಳಿದೆ. ಎರಡೂ ಅಲ್ಲ ಅಂದರು. ಇ ಮೇಜರ್ ಕಾರ್ಡ್ ಹಿಡಿಸಿದರು, ಮೂರು ಬೆರಳು. ಕಾರ್ಡ್ ಅಂದರೆ ನಾಲ್ಕಾರು ತಂತಿಯ ಸ್ವರ ಒಟ್ಟಿಗೆ, ನಿನಗೆ ಗೊತ್ತೇ ಇದೆ. ಮೀಟಿದರೆ ಜನ ತುಂಬಿದ ಮನೆಯ ಹಾಗೆ ಕೇಳಿತು. ಈಗ ತೋರುಬೆರಳು ಮಾತ್ರ ಎತ್ತಿ ಅಂದರು. ಎತ್ತಿದೆ. ಉಳಿದ ಬೆರಳುಗಳು ಇದ್ದಲ್ಲೇ ಇದ್ದವು. ಒಂದೇ ಒಂದು ಸ್ವರ ಅರ್ಧ ಮೆಟ್ಟಿಲು ಇಳಿಯಿತು, ಅಷ್ಟಕ್ಕೇ ಇಡೀ ಕಾರ್ಡ್ ಅಳುಮೋರೆ ಹಾಕಿತು. ಈ ಸದ್ದು ನನಗೆ ಗೊತ್ತು ಮೇಷ್ಟ್ರೇ, ದಿನಾ ಕೇಳ್ತೀನಿ ಅಂದೆ. ಪಾಪ, ನಾನು ಮನೆಯಲ್ಲಿ ಚೆನ್ನಾಗಿ ಅಭ್ಯಾಸ ಮಾಡುತ್ತೇನೆ ಅಂದುಕೊಂಡರು.

ಆಮೇಲೆ ಇನ್ನೊಂದು ವಿಷಯ ಹೇಳಿದರು. ಸಿ ಮೇಜರಿಗೆ ಯಾವ ಏಳು ಸ್ವರವೋ ಎ ಮೈನರಿಗೂ ಅವೇ ಏಳು. ಮನೆ ಮಾತ್ರ ಬೇರೆ. ಹಾಗಾದರೆ ನಿಜವಾದ ಮನೆ ಯಾವುದು ಎಂದು ನಾನು ಜಗಳಕ್ಕೇ ನಿಂತೆ. ಎರಡೂ ನಿಜಾನೇ ಅಮ್ಮಾ, ಯಾಕೆ ಇಷ್ಟೊಂದು ಕೋಪ ಅಂದರು. ಇಷ್ಟು ದಿನ ನೀನು ಅಪ್ಪ ಅಂದದ್ದು ನನ್ನ ಕಿವಿಗೆ ಅಮ್ಮ ಬೇಡ ಎಂದೇ ಕೇಳಿಸುತ್ತಿತ್ತು. ನೀನು ಹಾಗೆ ಹೇಳಿರಲಿಲ್ಲ, ಅಲ್ಲವಾ?

ಬರುವ ಗುರುವಾರ ನಿನಗೆ ಹದಿನೆಂಟು ತುಂಬುತ್ತದೆ. ಇನ್ನು ನೀನು ಮೈನರ್ ಅಲ್ಲ. ಎಲ್ಲರೆದುರು ನಿಲ್ಲಿಸಿ ಯಾರ ಜೊತೆ ಎಂದು ಇನ್ನು ಯಾರೂ ಕೇಳುವ ಹಾಗಿಲ್ಲ, ನಾನೂ ಕೇಳುವ ಹಾಗಿಲ್ಲ. ಎಲ್ಲಿರಬೇಕೆಂಬುದು ನಿನಗೆ ಬಿಟ್ಟದ್ದು. ಅಲ್ಲೇ ಇರುತ್ತೇನೆ ಅಂದರೆ ನನಗೇನೂ ಬೇಜಾರಿಲ್ಲ. ಶಾಲೆಗಳು ಶುರುವಾಗುವ ಕಾಲ, ಅಂಗಡಿಯಲ್ಲಿ ಯೂನಿಫಾರ್ಮಿನ ರಾಶಿ ಬಿದ್ದಿದೆ, ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಗಿಟಾರಿನ ಸುತ್ತ ಹಳೆ ಬಟ್ಟೆ ತುರುಕಿ ಪೆಟ್ಟಿಗೆ ಕಟ್ಟಿದ್ದೇನೆ. ನಾಳೆ ಕೊರಿಯರ್‌ನವನು ಬರುತ್ತಾನೆ.

ನಿಮ್ಮಪ್ಪನ ಕೆಮ್ಮು ಹೋಯಿತಾ? ನಾನು ಕೇಳಿದೆ ಎಂದು ಹೇಳಬೇಡ.

ಇಲ್ಲೇ ಇರುವ
ನಿನ್ನ ಅಮ್ಮ

ತಾ.ಕ.: ಸೋಮವಾರ. ಕೊರಿಯರ್‌ನವನು ಬಂದಿದ್ದಾನೆ, ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಿದ್ದಾನೆ. ಪೆಟ್ಟಿಗೆ ಎತ್ತಿಕೊಂಡ. ಇಳಿಸಪ್ಪಾ, ಕಾಗದ ಮಾತ್ರ ತಗೊಂಡು ಹೋಗು ಅಂದೆ. ಬೇಜಾರಿಲ್ಲ ಎಂದು ಬರೆದದ್ದು ಶುದ್ಧ ಸುಳ್ಳು ಕಣೇ. ಗಿಟಾರ್ ಕಳಿಸುವುದಿಲ್ಲ. ನೀನೇ ಬಂದು ತೆಗೆದುಕೊಂಡು ಹೋಗು. ಬಂದ ದಿನವೇ ವಾಪಸು ಹೊರಟರೂ ತಡೆಯುವುದಿಲ್ಲ, ಬಾ.